ಬೆವರಿದ ಜಾಡಿ

ನಾನು ಒಂದು ಜಾಡಿ. ಉಪ್ಪಿನಕಾಯಿ ಜಾಡಿ ಅಂದುಕೊಳ್ಳಬೇಡಿ, ಆ ಭಾಗ್ಯ ನನಗಿಲ್ಲ. ಉಪ್ಪಿನಕಾಯಿ ಕೆಟ್ಟರೆ ಮೇಲೆ ಬೂಷ್ಟು ಕಟ್ಟುತ್ತದೆ, ಕಂಡವರು ಮೂಗು ಮುಚ್ಚಿಕೊಂಡು ತಿಪ್ಪೆಗೆ ಸುರಿಯುತ್ತಾರೆ. ನನ್ನೊಳಗಿರುವುದು ಕೆಟ್ಟರೆ ಬಣ್ಣ ಬದಲಾಗುವುದಿಲ್ಲ, ವಾಸನೆಯೂ ಬರುವುದಿಲ್ಲ. ಕೆಟ್ಟದ್ದು ನನಗೆ ಮಾತ್ರ ಗೊತ್ತಾಗುತ್ತದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನನಗೂ ಬಾಯಿದೆ, ಉದ್ದನೆಯ ಕತ್ತೂ ಇದೆ. ಮಾತೊಂದು ಇಲ್ಲ. ಇದ್ದಿದ್ದರೆ ಹುರುಳಿಕೊಪ್ಪಲಿನ ಸಾಕಮ್ಮನ ಕೊಟ್ಟಿಗೆ ಇವತ್ತು ಹೀಗೆ ಬಿಕೋ ಅನ್ನುತ್ತಿರಲಿಲ್ಲ.

ನಾನು ಹುಟ್ಟಿದ್ದು ಬಲು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ತಗಡು ಬಾಗಿಸಿ ಒಂದು ಹೊಟ್ಟೆ ಮಾಡಿದರು, ಅದರೊಳಗೆ ಇನ್ನೊಂದು ಹೊಟ್ಟೆ ಇಟ್ಟರು. ಎರಡರ ನಡುವೆ ಇದ್ದ ಗಾಳಿಯನ್ನೆಲ್ಲ ಯಂತ್ರ ಹಚ್ಚಿ ಹೀರಿ ತೆಗೆದು ಬಿಗಿಯಾಗಿ ಮುಚ್ಚಿದರು. ಆ ಸಂದಿಯಲ್ಲಿ ಏನೂ ಇಲ್ಲ, ಗಾಳಿಯೂ ಇಲ್ಲ. ಆ ಖಾಲಿಯೇ ನನ್ನ ಜೀವ. ಅದು ಇರುವವರೆಗೆ ಹೊರಗಿನ ಬಿಸಿ ಒಳಗೆ ಬರುವುದಿಲ್ಲ, ಒಳಗಿನ ಚಳಿ ಹೊರಗೆ ಹೋಗುವುದಿಲ್ಲ. ಒಳಗೆ ತುಂಬುವುದು ದ್ರವ ಸಾರಜನಕ. ಮಂಜುಗಡ್ಡೆ ಅದರ ಮುಂದೆ ಕೆಂಡ ಅನ್ನಿ, ಅಷ್ಟು ಚಳಿ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಅದಕ್ಕೇ ಹಳ್ಳಿಯ ಮಕ್ಕಳು ನನ್ನನ್ನು ಹೊಗೆ ಕ್ಯಾನು ಎಂದು ಕರೆದದ್ದು. ಆ ಚಳಿಯಲ್ಲಿ ನಾನು ಕಾಯುವುದು ಸಣ್ಣ ಸಣ್ಣ ಕಡ್ಡಿಗಳನ್ನು. ಬೆಂಕಿಕಡ್ಡಿಗಿಂತ ಒಂದಿಷ್ಟು ಉದ್ದ, ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಹೋರಿಯ ವೀರ್ಯ ನಿದ್ದೆ ಮಾಡುತ್ತಿರುತ್ತದೆ. ವರ್ಷಗಟ್ಟಲೆ ಮಲಗಿದರೂ ಹಸುವಿನ ಗರ್ಭಕ್ಕೆ ಹೋದ ಕೂಡಲೇ ಎದ್ದು ಕೂರುತ್ತದೆ. ನಡುವೆ ಒಂದೇ ಒಂದು ಸಲ ಬಿಸಿ ತಾಕಿತೋ, ಮತ್ತೆ ಏಳುವುದಿಲ್ಲ.

ನನ್ನ ಮೊದಲ ಯಜಮಾನ ರಾಚಪ್ಪ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಊರವರ ಬಾಯಲ್ಲಿ ಇಂಜೆಕ್ಷನ್ ರಾಚಪ್ಪ. ತಂಬಾಕು ಅಗಿಯುತ್ತಿದ್ದ, ಎಲ್ಲರನ್ನೂ ಬೈಯುತ್ತಿದ್ದ. ನನ್ನನ್ನು ಮಾತ್ರ ಮೊಪೆಡ್ಡಿನ ಮುಂದೆ ತನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡೇ ಓಡಾಡಿದ. ಬೆಳಿಗ್ಗೆ ಎದ್ದವನೇ ಅಂಗೈಯಿಂದ ನನ್ನ ಹೊಟ್ಟೆ ಸವರಿ ನೋಡುತ್ತಿದ್ದ. ಒಣಗಿದ್ದರೆ ತಲೆಯಾಡಿಸುತ್ತಿದ್ದ. ಕೆಲಸ ಬಿಡುವ ದಿನ ನನ್ನನ್ನು ತನ್ನ ಜಾಗಕ್ಕೆ ಬಂದ ಕೆಂಪರಾಜುವಿನ ಕೈಗೆ ಕೊಟ್ಟು, “ನೋಡ್ಲಾ, ಇದು ಮೈ ಬೆವರುದ್ ದಿನ ಇದರ ಕತೆ ಮುಗೀತು ಅಂತ್ಲೇ ತಿಳ್ಕ” ಎಂದ. ಕೆಂಪರಾಜು ಹೂಂ ಅಂದ. ಹೊಸ ಕೆಲಸ, ಹೊಸ ಮೋಟರ್‌ಸೈಕಲ್ಲು, ಕಿವಿಯ ತುಂಬ ಗಾಳಿ. ಕೇಳಿಸಿಕೊಂಡನೋ ಬಿಟ್ಟನೋ ದೇವರೇ ಬಲ್ಲ. ಆದರೆ ಹುಡುಗ ಕೆಟ್ಟವನಲ್ಲ, ಕರೆದಲ್ಲಿಗೆ ಓಡುತ್ತಿದ್ದ, ಹಸುವಿಗೆ ನೋವಾಗದಂತೆ ಕೈ ಹಾಕುತ್ತಿದ್ದ.

ಅವನ ಕಾಲದಲ್ಲಿಯೇ ನನ್ನೊಳಗೆ ಹೊಸ ತರದ ಕಡ್ಡಿಗಳು ಬಂದವು. ಹೋರಿಯ ವೀರ್ಯದಲ್ಲಿ ಗಂಡು ಹುಟ್ಟಿಸುವುದೂ ಇರುತ್ತದೆ, ಹೆಣ್ಣು ಹುಟ್ಟಿಸುವುದೂ ಇರುತ್ತದೆ. ಯಾವುದೋ ಯಂತ್ರದಲ್ಲಿ ಬೆಳಕು ಬಿಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಗಂಡನ್ನು ಆರಿಸಿ ತೆಗೆದು ಹೆಣ್ಣನ್ನು ಮಾತ್ರ ಕಡ್ಡಿಗೆ ತುಂಬುತ್ತಾರಂತೆ. ಹತ್ತರಲ್ಲಿ ಒಂಬತ್ತು ಹೆಣ್ಣೇ. ಹಳ್ಳಿಯವರು ಅದಕ್ಕೆ ಹೆಣ್ಗರು ಕಡ್ಡಿ ಎಂದು ಹೆಸರಿಟ್ಟರು. ಗಂಡುಕರು ಯಾರಿಗೆ ಬೇಕು ಹೇಳಿ? ಉಳುವುದಕ್ಕೆ ಟ್ರಾಕ್ಟರ್ ಇದೆ. ಗಂಡು ಹುಟ್ಟಿದರೆ ಗಿಣ್ಣುಹಾಲು ಮುಗಿಯುವ ಮೊದಲೇ ಅದನ್ನು ಎಲ್ಲಿ ಬಿಟ್ಟು ಬರುವುದು ಎಂಬ ಮಾತು ಶುರುವಾಗುತ್ತಿತ್ತು. ಎಷ್ಟೋ ಕರುಗಳನ್ನು ನಾಲೆಯ ಏರಿಯ ಮೇಲೆ ಬಿಟ್ಟು ಬರುತ್ತಿದ್ದರು. ಅವೆಲ್ಲ ನಾನು ಕಾಪಾಡಿ ತಂದ ಜೀವಗಳೇ ಅಲ್ಲವೇ? ನನಗೆ ಹೊಟ್ಟೆ ಉರಿಯುತ್ತಿತ್ತು.

ಹೆಣ್ಗರು ಕಡ್ಡಿಯ ಸುದ್ದಿ ಕೇಳಿ ಮೊದಲು ಓಡಿ ಬಂದವಳು ಸಾಕಮ್ಮ. ಹಾಲಿನ ಡೇರಿಯ ಮುಂದೆ ಕೆಂಪರಾಜುವನ್ನು ಅಡ್ಡ ಹಾಕಿದಳು. ತಲೆಯ ಮೇಲೆ ಸೆರಗು, ಸೊಂಟದಲ್ಲಿ ಹಾಲಿನ ಕ್ಯಾನು.

“ಕೆಂಪ್ರಾಜಣ್ಣ, ನಮ್ಮ ಕೆಂದೀಗೆ ಆ ಕಡ್ಡಿ ಹಾಕ್ಬೇಕು ಕನಪ್ಪ.”

“ಅದು ಕಡಸಿಗೆ ಹಾಕಾದು ಅಕ್ಕ, ಇನ್ನೂ ಕರ ಹಾಕ್ದೆ ಇರೋ ಎಳೇ ಹಸೀಗೆ. ಕೆಂದೀಗೆ ವಯಸ್ಸಾಯ್ತು. ನಿಲ್ಲಾದು ಕಷ್ಟ.”

“ವಯಸ್ಸಾಗದೆ, ಅದ್ಕೇ ಕೇಳ್ತಿರಾದು. ಇದೊಂದ್ ಸೂಲು ಬುಟ್ರೆ ಅವಳ ಹೊಟ್ಟೇಲಿ ಇನ್ನೊಂದಿಲ್ಲ.”

ಅವಳ ಆತುರಕ್ಕೆ ಕಾರಣವಿತ್ತು. ಸಾಕಮ್ಮನ ತವರಿನಲ್ಲಿ ಮಗಳಿಗೆ ಮದುವೆಯಾದರೆ ತಾಯಿಯ ಹಸುವಿನ ಕರುವೊಂದನ್ನು ಬಳುವಳಿಯಾಗಿ ಕೊಟ್ಟು ಕಳಿಸುವ ಪದ್ಧತಿ. ಸಾಕಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಹಿಂದೆ ಒಂದು ಕೆಂಪು ಕರು ನಡೆದು ಬಂದಿತ್ತು. ಅದರ ಮಗಳು ಕೆಂದಿ. ಹೊಲ ಮನೆ ಎಲ್ಲ ಗಂಡ ಮರೀಗೌಡನದು, ಹಸು ಮಾತ್ರ ಅವಳದು. ಹಾಲಿನ ದುಡ್ಡು ಅವಳ ಕೈಗೆ ಬರುತ್ತಿತ್ತು, ಯಾರ ಮುಂದೂ ಕೈಚಾಚದೆ ಮಗಳು ಸವಿತಾಳನ್ನು ಓದಿಸಿದ್ದಳು. ಸವಿತಾಳಿಗೆ ಮದುವೆಯಾದಾಗ ಕೊಡುವುದಕ್ಕೆ ಹೆಣ್ಣುಕರು ಇರಲಿಲ್ಲ. “ಮುಂದಿನ ಸೂಲಿನದು ನಿಂದೇ ಕನವ್ವ” ಎಂದು ಮಾತು ಕೊಟ್ಟಳು. ಮುಂದಿನ ಸೂಲಿಗೆ ಗಂಡು. ಅದರ ಮುಂದಿನದಕ್ಕೂ ಗಂಡು. ಅತ್ತ ಬೀಗಿತ್ತಿ ಬಾಯಿಗೆ ಬಂದಂತೆ ಆಡಿಕೊಳ್ಳತೊಡಗಿದ್ದಳು.

“ಕೈಚಾಚ್ಕಂಡ್ ಬದುಕಾದು ಹೆಂಗಿರ್ತದೆ ಅಂತ ಗಂಡಸ್ರಿಗೇನ್ ಗೊತ್ತು? ಆ ಮನೇಲಿ ನನ್ ಮಗಳದು ಅಂತ ಒಂದ್ ಬಾಲ ಅಲ್ಲಾಡ್ತಾ ಇರ್ಲಿ. ಇನ್ನೇನ್ ಬ್ಯಾಡ ನಂಗೆ” ಎಂದಳು ಸಾಕಮ್ಮ. ಕೆಂಪರಾಜು ಮೆತ್ತಗಾದ. ಹೆಣ್ಗರು ಕಡ್ಡಿ ಸಿಗುವುದೇ ಅಪರೂಪ, ಎಲ್ಲರಿಗೂ ಬೇಕು. ಆದರೂ ಮೂರು ಕಡ್ಡಿಗಳನ್ನು ನನ್ನ ತಳದಲ್ಲಿ ಬೇರೆಯಾಗಿ ಇಟ್ಟ. “ಇವು ಸಾಕಕ್ಕನವು, ಎಷ್ಟೇ ಕೇಳ್ಲಿ ಇನ್ಯಾರ್ಗೂ ಇಲ್ಲ” ಎಂದು ತನಗೆ ತಾನೇ ಹೇಳಿಕೊಂಡ. ಒಳ್ಳೆಯ ಮನಸ್ಸಿನಿಂದಲೇ ಇಟ್ಟ. ಅದೇ ಮುಳುವಾಯಿತು.

ಕೆಂದಿ ಬೆದೆಗೆ ಬರುವುದನ್ನು ಕಾಯುತ್ತಿದ್ದ ದಿನಗಳಲ್ಲೇ ಒಂದು ಸಂಜೆ ನಾಲೆ ಏರಿಯ ಮೇಲೆ ಮೋಟರ್‌ಸೈಕಲ್ಲಿಗೆ ಒಂದು ಕರು ಅಡ್ಡ ಬಂತು. ಕಪ್ಪು ಬಿಳುಪಿನ ಗಂಡುಕರು, ಹೊಕ್ಕುಳಬಳ್ಳಿ ಇನ್ನೂ ಒಣಗಿರಲಿಲ್ಲ. ಯಾರೋ ಬಿಟ್ಟು ಹೋಗಿದ್ದರು. ಅದು ಕಂಡದ್ದನ್ನೆಲ್ಲ ತಾಯಿ ಎಂದುಕೊಂಡು ಹಿಂದೆ ಹೋಗುತ್ತಿತ್ತು, ನಮ್ಮ ಗಾಡಿಯನ್ನೂ ತಾಯಿ ಎಂದುಕೊಂಡಿತೋ ಏನೋ. ಕೆಂಪರಾಜು ಅದನ್ನು ಉಳಿಸಲು ಗಾಡಿ ತಿರುಗಿಸಿದ. ಅವನು ಒಂದು ಕಡೆ ಬಿದ್ದ, ನಾನು ಏರಿಯ ಕಲ್ಲುಗಳ ಮೇಲೆ ಉರುಳಿದೆ. ಎದ್ದವನು ಮೊಣಕೈ ರಕ್ತ ಒರೆಸಿಕೊಳ್ಳುವ ಮೊದಲೇ ನನ್ನನ್ನು ಎತ್ತಿ ನಿಲ್ಲಿಸಿ, ಮುಚ್ಚಳ ತೆಗೆದು ನೋಡಿದ. ಹೊಗೆ ಎದ್ದಿತು, ಸಾರಜನಕ ಹೆಚ್ಚೇನೂ ಚೆಲ್ಲಿರಲಿಲ್ಲ. “ಸದ್ಯ, ಏನಾಗಿಲ್ಲ” ಎಂದ. ಆದರೆ ನನ್ನ ಕತ್ತಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗಾಳಿ ಸುಂಯ್ ಎಂದು ಆ ಸಂದಿಯೊಳಗೆ ಬರುತ್ತಿತ್ತು. ಅಯ್ಯೋ, ನನ್ನ ಜೀವ ಹೋಗುತ್ತಿದೆ, ನೋಡೋ ಮಾರಾಯ, ಕೈಯಿಟ್ಟು ನೋಡೋ! ಅವನಿಗೆ ಕೇಳಲಿಲ್ಲ. ಕರುವನ್ನು ಏರಿಯಿಂದ ಆಚೆ ಓಡಿಸಿ ಮನೆಗೆ ಹೊರಟ.

ಮರುದಿನದಿಂದಲೇ ನನ್ನ ಮೈ ಬೆವರತೊಡಗಿತು. ಮೊದಲು ಕತ್ತಿನ ಸುತ್ತ, ಆಮೇಲೆ ಹೊಟ್ಟೆಯ ಮೇಲೆಲ್ಲ ಹನಿ ಹನಿ. ರಾಚಪ್ಪ ಇದ್ದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದ. ಆದರೆ ಮೊದಲು ಕಂಡವಳು ಕೆಂಪರಾಜುವಿನ ತಾಯಿ ಚಿಕ್ಕತಾಯಮ್ಮ. ಸಂತೆಯಲ್ಲಿ ಮಡಕೆ ತಟ್ಟಿ ಸದ್ದು ಕೇಳಿ ಕೊಳ್ಳುವವಳು. ಚೆನ್ನಾಗಿ ಬೆವರುವ ಮಡಕೆಯೇ ಚೆನ್ನಾಗಿ ತಂಪು ಮಾಡುವ ಮಡಕೆ, ಬೆವರದ ಮಡಕೆ ದಂಡ ಎಂಬುದು ಅವಳು ಹುಟ್ಟಿನಿಂದ ಕಂಡ ಸತ್ಯ. ಮಗ ಆ ಹೊತ್ತಿಗೆ ತರಬೇತಿಗೆಂದು ಮೈಸೂರಿಗೆ ಹೊರಟಿದ್ದ. ಅವಳು ನನ್ನ ಮೈಯ ಹನಿಗಳನ್ನು ಬೆರಳಲ್ಲಿ ಮುಟ್ಟಿ ನೋಡಿ ಮುಖ ಅರಳಿಸಿಕೊಂಡಳು. “ಎಷ್ಟು ಚೆನ್ನಾಗ್ ಬೆವರ್ತಾ ಅದೆ ನೋಡು, ಒಳಗೆ ಹಿಮ ಹಿಮ ಇರ್ಬೇಕು” ಎಂದಳು. ಮಗನ ಅನ್ನದ ಪಾತ್ರೆ ಇನ್ನೂ ತಂಪಾಗಿರಲಿ ಎಂದು ಗೋಣಿಚೀಲ ನೆನೆಸಿ ನನಗೆ ಸುತ್ತಿ, ಮೇಲೊಂದು ಕುಂಕುಮದ ಬೊಟ್ಟು ಇಟ್ಟಳು. ನನ್ನ ಹೆಣಕ್ಕೆ ಆ ತಾಯಿ ಪ್ರೀತಿಯಿಂದ ಬಟ್ಟೆ ಹೊದಿಸಿದಳು.

ಒಳಗೆ ಸಾರಜನಕ ಇಳಿಯುತ್ತಾ ಹೋಯಿತು. ವಾರಗಟ್ಟಲೆ ಬರಬೇಕಾದದ್ದು ಎರಡು ಮೂರು ದಿನಕ್ಕೇ ತಳ ಕಂಡಿತು. ಕೊನೆಯ ಹನಿ ಹಾರಿಹೋದಾಗ ಬಿಸಿ ನಿಧಾನಕ್ಕೆ ಒಳಗೆ ಬಂತು. ಕಡ್ಡಿಗಳು ಕರಗಿದವು. ಅವು ಎದ್ದವು, ಕತ್ತಲಲ್ಲಿ ತಡಕಾಡಿದವು, ಹೋಗಲು ಜಾಗವಿಲ್ಲದೆ ಒಂದೊಂದಾಗಿ ನಿಂತುಹೋದವು. ನಾನು ಏನು ಮಾಡಲಿ? ಅವುಗಳನ್ನು ಕಾಯುವುದಕ್ಕೇ ಹುಟ್ಟಿದವನು ನಾನು, ನನ್ನ ಹೊಟ್ಟೆಯೊಳಗೇ ಅವು ಸಾಯುವುದನ್ನು ನೋಡುತ್ತಾ ಕುಳಿತೆ.

ಮರುದಿನ ಸಾರಜನಕದ ಗಾಡಿ ಬಂತು. ಡೇರಿಯ ಹುಡುಗರು ಚಿಕ್ಕತಾಯಮ್ಮನ ಮನೆಯಿಂದ ನನ್ನನ್ನು ಗೋಣಿಯ ಸಮೇತ ಹೊತ್ತು ತಂದು ತುಂಬಿಸಿ ವಾಪಸ್ ಇಟ್ಟರು. ಸತ್ತ ಕಡ್ಡಿಗಳು ಮತ್ತೆ ಕಲ್ಲಿನಂತೆ ಗಡುಸಾದವು. ಕೆಂಪರಾಜು ಬಂದು ಮುಚ್ಚಳ ತೆಗೆದಾಗ ಭುಸ್ಸೆಂದು ಹೊಗೆ ಎದ್ದಿತು. “ಇದೇನವ್ವ ಗೋಣಿ?” ಎಂದ. “ತಂಪಿರ್ಲಿ ಅಂತ ಸುತ್ತಿವ್ನಿ ಬುಡ್ಲಾ, ಬಿಸ್ಲು ನೋಡು ಹೆಂಗದೆ” ಎಂದಳು. ಅವನು ನಕ್ಕು ಮುಚ್ಚಳ ಹಾಕಿದ. ಅಂದಿನಿಂದ ನನ್ನ ಬೆವರು ಯಾರಿಗೂ ಕಾಣಲಿಲ್ಲ, ಕಂಡರೂ ಅದು ಒದ್ದೆ ಗೋಣಿಯ ನೀರು. ಸಾರಜನಕ ಬೇಗ ಮುಗಿಯುವುದಕ್ಕೆ ಅವನು ಬೇಸಿಗೆಯನ್ನು ಬೈದುಕೊಂಡು, ಡೇರಿಯಲ್ಲಿದ್ದ ದೊಡ್ಡ ಜಾಡಿಯಿಂದ ಆಗಾಗ ಬಗ್ಗಿಸಿಕೊಂಡು ಬರುತ್ತಿದ್ದ. ಸಾಮಾನ್ಯ ಕಡ್ಡಿಗಳು ಗಾಡಿಯ ಜೊತೆ ಹೊಸದಾಗಿ ಬರುತ್ತಿದ್ದವು, ಬಂದ ಹಾಗೆ ಖರ್ಚಾಗುತ್ತಿದ್ದವು. ಅವನ್ನು ಹಾಕಿಸಿಕೊಂಡ ಹಸುಗಳೆಲ್ಲ ಗಬ್ಬ ನಿಂತವು. ಹಳೆಯವು ಅವನು ಮೈಸೂರಿಗೆ ಹೋಗುವ ಮೊದಲೇ ಖರ್ಚಾಗಿದ್ದವು, ನನ್ನೊಳಗೆ ಸತ್ತದ್ದು ತಳದ ಆ ಮೂರೇ, ಸಾಕಮ್ಮನಿಗೆಂದು ತೆಗೆದಿಟ್ಟವು.

ಕೆಂದಿ ಬೆದೆಗೆ ಬಂದಳು. ಬೆಳಗಿನ ಜಾವ ಅವಳು ಅಂಬಾ ಎಂದದ್ದಕ್ಕೆ ಸಾಕಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ಕೆಂಪರಾಜುವನ್ನು ಎಬ್ಬಿಸಿದಳು. ಕೊಟ್ಟಿಗೆ ಗುಡಿಸಿ ಸಾರಿಸಿ ರಂಗೋಲಿಯ ಎಳೆ ಬಿಟ್ಟಿದ್ದಳು. ಕೆಂದಿ ನೋಡಲು ಏನು ಚೆಲುವೆ! ಇಟ್ಟಿಗೆ ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಕೆಂಪರಾಜು ಕಡ್ಡಿ ತೆಗೆದು ಉಗುರು ಬೆಚ್ಚಗಿನ ನೀರಿಗೆ ಬಿಟ್ಟ. ಸಾಕಮ್ಮ ನನ್ನ ಮೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ತಾಯಿ, ನನ್ ಮಗಳ್ಗೆ ಒಂದ್ ಹೆಣ್ಗರ ಕೊಡವ್ವ” ಎಂದಳು. ಬೇಡ ಕಣಮ್ಮ, ನನಗೆ ಕೈಮುಗಿಯಬೇಡ, ಅದರಲ್ಲಿ ಜೀವ ಇಲ್ಲ, ಬೇರೆ ಯಾರನ್ನಾದರೂ ಕರೆಸು ಎಂದು ನಾನು ಕೂಗಿದೆ. ನನ್ನ ಬಾಯಿಂದ ಬಂದದ್ದು ಹೊಗೆ. ಅದನ್ನೂ ಅವಳು ಕಣ್ಣಿಗೊತ್ತಿಕೊಂಡಳು.

ಮೂರು ವಾರಕ್ಕೆ ಕೆಂದಿ ಮತ್ತೆ ಬೆದೆಗೆ ಬಂದಳು. ಎರಡನೆಯ ಕಡ್ಡಿ ಹೋಯಿತು. ಮತ್ತೆ ಮೂರು ವಾರ. ಅಷ್ಟು ಹೊತ್ತಿಗೆ ಡೇರಿಯ ಸಾಲಿನಲ್ಲಿ ಹೆಂಗಸರು ಪಿಸುಗುಟ್ಟತೊಡಗಿದ್ದರು. ಎಲ್ಲರ ಹಸುವೂ ನಿಂತಿದೆ, ಕೆಂದಿಯೊಬ್ಬಳೇ ನಿಂತಿಲ್ಲ, ಅಂದ ಮೇಲೆ ಕೆಂದಿ ಗೊಡ್ಡು. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಒಬ್ಬಳು ಹೀಗಂದರೆ ಸಾಲಿಗೆ ಸಾಲೇ ಅನ್ನುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕೆಟ್ಟಿದ್ದವನು ನಾನು, ಬೈಸಿಕೊಂಡ ನೆಲ ಕೆಂದಿ. ಕೆಂಪರಾಜುವೂ ಮೂರನೆಯ ಕಡ್ಡಿ ಹಾಕುವಾಗ, “ನಾನ್ ಮೊದ್ಲೇ ಯೋಳಿದ್ನಲ್ಲಕ್ಕ, ವಯಸ್ಸಾಗದೆ” ಎಂದ. ಸಾಕಮ್ಮ ಕೆಂದಿಯ ಕತ್ತಿನ ಗಂಗೆದೊಗಲನ್ನು ಸವರುತ್ತಾ ನಿಂತಿದ್ದಳು, ಕೆಂದಿ ಅವಳ ಮೊಣಕೈ ನೆಕ್ಕುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಮೂರನೆಯದೂ ನಿಲ್ಲಲಿಲ್ಲ.

ಸಾರಜನಕದ ಗಾಡಿಯ ದಿನವೇ ಸಂತೆಯ ದಿನವೂ ಆಗಿತ್ತು. ಕೆಂಪರಾಜು ನನ್ನನ್ನು ಗಾಡಿಯ ಬಳಿಗೆ ತಂದ. ಅಂದು ಗಾಡಿಯಲ್ಲಿ ಬಂದವನು ಹೊಸ ಮನುಷ್ಯ. “ಇದೇನ್ರೀ ವೇಷ” ಎಂದು ಗೋಣಿ ಕಿತ್ತು ಎಸೆದ. ಕತ್ತಿನ ಸುತ್ತ ಹಿಮ ಬೆಳ್ಳಗೆ ಕಟ್ಟಿತ್ತು, ಹೊಟ್ಟೆಯಿಂದ ನೀರು ಇಳಿಯುತ್ತಿತ್ತು. ಅವನು ಕೈಯಲ್ಲಿದ್ದ ಪೈಪು ಕೆಳಗಿಟ್ಟ. “ಇದು ಸತ್ತು ಎಷ್ಟು ದಿನ ಆಯ್ತು?” ಎಂದ. ಕೆಂಪರಾಜುವಿಗೆ ರಾಚಪ್ಪನ ಮಾತು ಆಗ ನೆನಪಾಗಿರಬೇಕು. ನನ್ನನ್ನು ಎತ್ತಿಕೊಂಡು ಮನೆಗೆ ಓಡಿದ.

“ಅವ್ವಾ, ನಾನು ಮೈಸೂರ್ಗೆ ವೋಗಿದ್ನಲ್ಲ, ಆವಾಗ ಇದರ ಹೊಗೆ ಯಾವತ್ತಾದ್ರೂ ನಿಂತಿತ್ತಾ?”

“ನಿಂತಿತ್ತು ಕನ ಮಗ, ಒಂದ್ ದಿನ. ಮಾರ್ನೇ ದಿನ ಗಾಡಿಯೋರು ತುಂಬ್ಸುದ್ರು, ಸರಿ ವೋಯ್ತಲ್ಲ. ಯಾಕ್ಲಾ, ಯಾಕ್ ಹಂಗ್ ನೋಡ್ತಿದ್ದೀಯ?”

ಅವನು ನಿಂತ ಕಾಲಲ್ಲೇ ಹೊರಗೆ ಓಡಿದ. ನನ್ನನ್ನು ಮೋಟರ್‌ಸೈಕಲ್ಲಿಗೆ ಕಟ್ಟಿ ಪಕ್ಕದ ಹುರುಳಿಕೊಪ್ಪಲಿಗೆ ಹೊಡೆದ. ಸಾಕಮ್ಮ ಖಾಲಿ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಕೆಂದಿಯ ಹಗ್ಗ. ಹಸು ಮಾರಿದರೂ ಹಗ್ಗ ಮಾರಬಾರದು ಎಂಬ ಪದ್ಧತಿಯಂತೆ, ಮರೀಗೌಡ ಬೆಳಿಗ್ಗೆ ಕೆಂದಿಯನ್ನು ಬೇರೆ ಹಗ್ಗದಲ್ಲಿ ಹಿಡಿದುಕೊಂಡು ಸಂತೆಗೆ ಹೋಗಿದ್ದ. ಊರೆಲ್ಲ ಗೊಡ್ಡು ಎಂದ ಮೇಲೆ ಅವಳಿಗೂ ತಡೆಯಲಾಗಿರಲಿಲ್ಲ. ಕೆಂಪರಾಜು ನಿಂತ ಕಡೆಯೇ ಎಲ್ಲ ಹೇಳಿದ, ಬಿದ್ದದ್ದು, ಬೆವರಿದ್ದು, ಕಡ್ಡಿ ಸತ್ತದ್ದು. ಅವಳು ಕೇಳಿದಳು. ಆಮೇಲೆ ಎದ್ದು ಅವನ ಅಂಗಿ ಹಿಡಿದಳು.

“ಸತ್ತಿದ್ನ ಹಾಕ್ಬುಟ್ಟು ನನ್ ಹಸೀನ ಗೊಡ್ಡು ಅಂದ್ರೇನ್ಲಾ! ಮೂರ್ ಸಲ! ನನ್ ಕಣ್ಮುಂದೆಯಾ!”

“ತಪ್ಪಾಯ್ತು ಅಕ್ಕ. ಹೊಡಿ. ಆದ್ರೆ ಮೊದ್ಲು ಹತ್ತು, ಸಂತೆಗೋಗವ. ಇನ್ನೂ ಅಲ್ಲೇ ಇದ್ದಾಳು.”

ಅವಳು ಹಗ್ಗವನ್ನು ಬಿಡದೆ ಹಿಂದೆ ಹತ್ತಿ ಕುಳಿತಳು. ಇಬ್ಬರ ನಡುವೆ ನಾನು. ದಾರಿಯುದ್ದಕ್ಕೂ ಅವಳು “ದೇವ್ರೇ, ದೇವ್ರೇ” ಎನ್ನುತ್ತಿದ್ದಳು, ಅವಳ ಕೈ ನನ್ನ ಕತ್ತನ್ನು ಬಿಗಿಯಾಗಿ ಹಿಡಿದಿತ್ತು. ನಾನೂ ಬೇಡಿಕೊಂಡೆ. ಇನ್ನೊಂದು ಸಲ, ಇನ್ನೊಂದೇ ಸಲ ಜೀವವಿರುವ ಕಡ್ಡಿ ಅವಳಿಗೆ ಸಿಗಲಿ ಎಂದು.

ಸಂತೆ ಮುಗಿಯುತ್ತಾ ಬಂದಿತ್ತು. ಸಗಣಿ, ಒಣಹುಲ್ಲು, ಬಿಸಿಲು. ಉಳಿದಿದ್ದ ಹಸುಗಳ ಸಾಲಿನಲ್ಲಿ ಸಾಕಮ್ಮ “ಕೆಂದೀ, ಕೆಂದೀ” ಎಂದು ಕೂಗುತ್ತಾ ಓಡಿದಳು. ಒಂದೆರಡು ಹಸುಗಳು ತಿರುಗಿ ನೋಡಿದವು, ಅವಳದ್ದಲ್ಲ. ಹುಣಸೆಮರದ ಕೆಳಗೆ ಮರೀಗೌಡ ಬೀಡಿ ಸೇದುತ್ತಾ ತಲೆ ತಗ್ಗಿಸಿ ಕುಳಿತಿದ್ದ. ಹೆಂಡತಿಯನ್ನು ಕಂಡು ಎದ್ದು ನಿಂತ. “ಮಾರಿ ತಾಸಾಯ್ತು ಕನಮ್ಮಿ. ಲಾರಿಗೆ ಹತ್ತುಸ್ಕಂಡ್ ವೊಂಟೋದ್ರು. ಎತ್ಲಾಗೆ ಅಂತ ನಾನ್ ಕೇಳ್ಲಿಲ್ಲ” ಎಂದ. ಗೊಡ್ಡು ಹಸುವನ್ನು ಕೊಂಡವರು ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳುವ ಧೈರ್ಯ ಯಾರಿಗಿರುತ್ತದೆ? ಕೆಂಪರಾಜು ಒಬ್ಬನೇ ಹೆದ್ದಾರಿಯವರೆಗೂ ಹೋಗಿ ಹುಡುಕಿ ಬಂದ. ಅವನು ಬರುವಷ್ಟರಲ್ಲಿ ಸಾಕಮ್ಮನ ಅಳುವೂ ಮುಗಿದಿತ್ತು.

“ಅಕ್ಕ, ಎಲ್ಲಿಂದಾದ್ರೂ ಒಂದ್ ಹೆಣ್ಗರ ತಂದ್ಕೊಡ್ತೀನಿ, ಸವಿತಾಗೆ” ಎಂದ.

“ಕರ ಸಿಕ್ತದೆ ಕನಪ್ಪ. ಕೆಂದಿ ಕರ ಸಿಕ್ಕಲ್ಲ.” ಕೈಯಲ್ಲಿದ್ದ ಹಗ್ಗ ಸುತ್ತುತ್ತಾ ಕೇಳಿದಳು, “ಹಂಗಾದ್ರೆ ಅವಳು ಗೊಡ್ಡಲ್ಲ?”

“ಅಲ್ಲ ಅಕ್ಕ.”

“ನಂಗ್ ಯೋಳುದ್ರೆ ಆಗ್ಲಿಲ್ಲ. ಊರ್ಗೆ ಯೋಳು.”

ಆ ಸಂಜೆ ಡೇರಿಯ ಮುಂದೆ ಹಾಲಿನ ಸಾಲು ನಿಂತಿತ್ತು. ಸಾಕಮ್ಮನೂ ಬಂದು ಸಾಲಿನಲ್ಲಿ ನಿಂತಳು, ಅವಳ ಕ್ಯಾನಿನಲ್ಲಿ ಹಾಲಿರಲಿಲ್ಲ. ಕೆಂಪರಾಜು ನನ್ನನ್ನು ಕಟ್ಟೆಯ ಮೇಲೆ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ. “ಕೆಂದಿ ಗೊಡ್ಡಾಗಿರ್ಲಿಲ್ಲ. ಕೆಟ್ಟಿದ್ದು ನನ್ ಜಾಡಿ. ಹಸೀದೇನೂ ತಪ್ಪಿಲ್ಲ.” ಮೊದಲು ಗೊಡ್ಡು ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಂಪಿನ ಹಿಂದೆ ಚಿಕ್ಕತಾಯಮ್ಮ ನಿಂತು ಕೇಳಿದಳು, ಗೋಣಿ ಸುತ್ತಿದ ತನ್ನ ಕೈಗಳನ್ನೇ ನೋಡಿಕೊಂಡಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೆಂಪರಾಜು ನನ್ನನ್ನು ಗುಜರಿಗೆ ಹಾಕುತ್ತೇನೆ ಎಂದ. ಸಾಕಮ್ಮ ಬಿಡಲಿಲ್ಲ. “ನಂಗೆ ಕೊಡು. ನಾಳೆ ಯಾರಾದ್ರೂ ಕೆಂದಿ ಗೊಡ್ಡಾಗಿತ್ತು ಅಂದ್ರೆ, ತೋರ್ಸಕೆ ಬೇಕು” ಎಂದು ಸೊಂಟದ ಮೇಲೆ ಎತ್ತಿಕೊಂಡು ನಡೆದಳು.

ಈಗ ನಾನು ಅವಳ ಕೊಟ್ಟಿಗೆಯಲ್ಲಿದ್ದೇನೆ. ಕೊಟ್ಟಿಗೆಯಲ್ಲಿ ಗೂಟ ಬರಿದಾಗಿ ಇರಬಾರದಂತೆ. ಅದಕ್ಕೇ ಕೆಂದಿಯ ಗೂಟಕ್ಕೆ, ಕೆಂದಿಯ ಹಗ್ಗದಲ್ಲಿ, ನನ್ನ ಕತ್ತು ಕಟ್ಟಿದ್ದಾಳೆ. ನನ್ನೊಳಗೆ ಚಳಿಯಿಲ್ಲ, ಹೊಗೆಯಿಲ್ಲ, ಕಾಯುವುದಕ್ಕೆ ಒಂದು ಕಡ್ಡಿಯೂ ಇಲ್ಲ. ಸವಿತಾ ಒಮ್ಮೆ ಬಂದು ಹೋದಳು. ತಾಯಿ ಮಗಳು ಈ ಗೂಟದ ಬಳಿ ಕುಳಿತು ಹಗ್ಗವನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡಿದ್ದರು. ದಿನಾ ಸಂಜೆ ಹಾಲು ಕರೆಯುವ ಹೊತ್ತಿಗೆ ಸಾಕಮ್ಮ ಬರುತ್ತಾಳೆ. ರಾಚಪ್ಪ ಮಾಡುತ್ತಿದ್ದಂತೆ ಅಂಗೈಯಿಂದ ನನ್ನ ಹೊಟ್ಟೆ ಸವರಿ ನೋಡುತ್ತಾಳೆ. ನಾನು ಈಗ ಪೂರಾ ಒಣಗಿದ್ದೇನೆ. ಆದರೂ ಸೆರಗಿನ ತುದಿಯಿಂದ ಒಂದು ಸಲ ಒರೆಸಿ ಹೋಗುತ್ತಾಳೆ.